ಸಭಾಧರ್ಮ: ಮಾತಿನ ಪಂಕ್ತಿಯಲ್ಲಿ ಭೇದ ಸಲ್ಲದು

ಶರನ್ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಆವಾಹಿಸಿ, ಗ್ರಂಥಗಳನ್ನು ಪೀಠದ ಮೇಲಿರಿಸಿ ಪೂಜಿಸುವುದು ಕನ್ನಡಿಗರ ಅನೇಕ ಮನೆಗಳಲ್ಲಿ ನಡೆದುಬಂದ ಸಂಪ್ರದಾಯ. ಸರಸ್ವತಿ ಗ್ರಂಥಗಳಿಗೆ ಮಾತ್ರ ಅಧಿದೇವತೆಯಲ್ಲ. ಅವಳು ವಾಗ್ದೇವಿ, ಆಡುವ ಮಾತಿಗೂ ಒಡತಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಮಾತಿನ ಮಹಿಮೆಯನ್ನು ಸಾರುವ ಸೂಕ್ತಗಳು ಒಂದಕ್ಕಿಂತ ಹೆಚ್ಚಾಗಿವೆ. ಅದರ 125ನೆಯ ಸೂಕ್ತದ ದ್ರಷ್ಟಾರಳು ಅಂಭೃಣ ಋಷಿಯ ಮಗಳಾದ ವಾಕ್ ಎಂಬ ಸ್ತ್ರೀ. ಜರಡಿಯಲ್ಲಿ ಹಿಟ್ಟನ್ನು ಶೋಧಿಸುವಂತೆ ಮಾತನ್ನು ಮನಸ್ಸಿನಲ್ಲಿ ಶೋಧಿಸಿ ಆಡುವ ಧೀರರನ್ನು 71ನೆಯ ಸೂಕ್ತ ಕೊಂಡಾಡುತ್ತದೆ. ಇಡೀ ಋಗ್ವೇದದ ಕೊನೆಯದಾದ 191ನೆಯ ಸೂಕ್ತವಾದರೋ ಜನರು ಕೂಡಿ ನಡೆಯಲಿ, ಕೂಡಿ ಮಾತನಾಡಲಿ, ಅವರ ಮನಸ್ಸುಗಳು ಒಂದಾಗಲಿ ಎಂಬ ಪ್ರಾರ್ಥನೆಯೊಡನೆ ಮುಗಿಯುತ್ತದೆ. ಅಷ್ಟು ದೊಡ್ಡ ಸಂಹಿತೆ ಕಟ್ಟಕಡೆಗೆ ಬಯಸಿದ ವರಗಳಲ್ಲಿ ಒಟ್ಟಿಗೆ ಕುಳಿತು ಮಾತನಾಡುವ ಶಕ್ತಿಯೂ ಒಂದೆಂಬುದು ಮನನಯೋಗ್ಯವಾದ ಸಂಗತಿ.

ಹೊರನಾಡಿನ ನಗರಗಳಲ್ಲಿ ನೆಲೆಸಿದ ಕನ್ನಡಿಗರು ಭಾನುವಾರದ ಸಂಜೆ ಸತ್ಸಂಗಕ್ಕೆಂದು ಸೇರುವುದುಂಟು. ಗೀತೆಯ ಒಂದು ಅಧ್ಯಾಯವನ್ನೋ ಕೆಲವು ವಚನಗಳನ್ನೋ ದಾಸರ ಪದಗಳನ್ನೋ ಓದಿ, ಅರ್ಥವಿಚಾರಕ್ಕೆ ತೊಡಗುತ್ತಾರೆ. ಒಂದೂವರೆ ಗಂಟೆಯ ಕೂಟದಲ್ಲಿ ಪಾರಾಯಣಕ್ಕೆ ಅರ್ಧ ಗಂಟೆ ಕಳೆದರೆ ವಿಚಾರಕ್ಕೆ ಉಳಿಯುವುದು 60 ನಿಮಿಷ. ನೆರೆದವರು 20 ಮಂದಿಯಾದರೆ ತಲೆಗೆ ಬರುವುದು ಮೂರೇ ನಿಮಿಷ. ಅವರಲ್ಲಿ ಇಬ್ಬರು ತಲಾ ಕಾಲು ಗಂಟೆ ಮಾತನಾಡಿದರೆಂದು ಭಾವಿಸೋಣ. ಉಳಿದ 18 ಮಂದಿಗೆ ದೊರೆಯುವುದು ಒಬ್ಬೊಬ್ಬರಿಗೆ 100 ಸೆಕೆಂಡು ಮಾತ್ರ. ಲೆಕ್ಕ ಇಷ್ಟು ಸರಳವಾಗಿದ್ದರೂ ಹೆಚ್ಚು ಮಾತನಾಡಿದವರಿಗೆ ಅದು ಹೊಳೆಯುವುದಿಲ್ಲ. ಅವರು ದುಷ್ಟರಲ್ಲ, ಬಹುಮಟ್ಟಿಗೆ ಓದಿಕೊಂಡವರು, ಸಭೆಗೆ ತಪ್ಪದೆ ಬರುವವರು, ಶ್ರದ್ಧಾವಂತರು. ಆದರೂ ಅವರು ಬಳಸಿದ ಹೊತ್ತು ಬೇರೆಯವರ ಪಾಲಿನದು.

ಪಂಕ್ತಿಭೋಜನದ ನಿಯಮವನ್ನು ಬಲ್ಲವರಿಗೆ ಈ ವಿಷಯವನ್ನು ವಿವರಿಸಬೇಕಾಗಿಲ್ಲ. ಸಾಲಿನ ಮೊದಲ ಎಲೆಗೆ ಪಾಯಸವನ್ನು ಎರಡು ಸಲ ಬಡಿಸಿ, ಕಡೆಯ ಎಲೆಗೆ ಬರುವಾಗ ಪಾತ್ರೆ ಬರಿದಾಗಿದ್ದರೆ ಮನೆಯ ಯಜಮಾನ ತಲೆತಗ್ಗಿಸುತ್ತಾನೆ. ಎಲ್ಲ ಎಲೆಗಳಿಗೂ ಒಮ್ಮೆ ಬಿದ್ದ ಮೇಲೆಯೇ ಮತ್ತೆ ಬೇಕೆ ಎಂದು ವಿಚಾರಿಸುವುದು ಕ್ರಮ. ಪಂಕ್ತಿಭೇದ ಮಾಡುವುದು ದೋಷವೆಂದು ಹಿರಿಯರು ಹೇಳುತ್ತಾರೆ. ಅನ್ನದ ಸಾಲಿನಲ್ಲಿ ಇಷ್ಟು ಎಚ್ಚರದಿಂದ ಪಾಲಿಸಿದ ಧರ್ಮವನ್ನು ಮಾತಿನ ಸಾಲಿನಲ್ಲಿಯೂ ಪಾಲಿಸಬೇಡವೆ? ಈ ಪ್ರಶ್ನೆಗೆ ಇತಿಹಾಸ, ಉಪನಿಷತ್ತು, ಶರಣಸಾಹಿತ್ಯಗಳು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸಬಹುದು.

ಲಂಕೆಯ ಸಭೆ

ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಆರಂಭದಲ್ಲಿ ಎರಡು ಸಭೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಒಂದು ಲಂಕೆಯಲ್ಲಿ, ಇನ್ನೊಂದು ಸಮುದ್ರದ ಉತ್ತರ ತೀರದಲ್ಲಿ. ಎರಡರಲ್ಲಿಯೂ ವಿಭೀಷಣನದೇ ಮುಖ್ಯ ಪ್ರಸಂಗ.

ಹನುಮಂತನು ಲಂಕೆಯನ್ನು ಸುಟ್ಟು ಹೋದ ಮೇಲೆ ರಾವಣನು ಮಂತ್ರಾಲೋಚನೆಗೆ ಕೂರುತ್ತಾನೆ. ಅವನ ಮೊದಲ ಭಾಷಣವು ಸಭಾಶಾಸ್ತ್ರದ ಪಾಠದಂತಿದೆ. ಎಲ್ಲರೂ ಶಾಸ್ತ್ರದೃಷ್ಟಿಯಿಂದ ವಿಚಾರಮಾಡಿ ಏಕಮತಕ್ಕೆ ಬರುವುದು ಉತ್ತಮ ಮಂತ್ರ. ಹಲವು ಅಭಿಪ್ರಾಯಗಳು ಹೊರಟು ಕೊನೆಗೆ ಒಂದಾಗುವುದು ಮಧ್ಯಮ. ತಮ್ಮ ತಮ್ಮ ಮತವನ್ನೇ ಹಿಡಿದು ಜಗ್ಗಾಡುವುದು ಅಧಮ ಎಂದು ಅವನು ವಿಂಗಡಿಸಿ ಹೇಳುತ್ತಾನೆ. ಹೀಗೆ ಶಾಸ್ತ್ರವನ್ನು ಬಲ್ಲ ದೊರೆಯ ಸಭೆಯಲ್ಲಿ ನಡೆದುದೇನು? ಪ್ರಹಸ್ತ, ದುರ್ಮುಖ, ವಜ್ರದಂಷ್ಟ್ರ, ನಿಕುಂಭ, ವಜ್ರಹನು ಮೊದಲಾದವರು ಒಬ್ಬರಾದ ಮೇಲೊಬ್ಬರು ಎದ್ದು, ತಾನೊಬ್ಬನೇ ಹೋಗಿ ವಾನರಸೇನೆಯನ್ನು ಮುಗಿಸಿ ಬರುವೆನೆಂದು ಗರ್ಜಿಸಿದರು. ಮಾತನಾಡಿದವರು ಹಲವರಾದರೂ ಮಾತು ಒಂದೇ ಆಗಿತ್ತು. ಆಯುಧ ಹಿಡಿದು ಎದ್ದು ನಿಂತವರನ್ನು ತಡೆದು ಕುಳ್ಳಿರಿಸಿ, ವಿಭೀಷಣನು ಕೈಮುಗಿದು ಸೀತೆಯನ್ನು ಹಿಂದಿರುಗಿಸಬೇಕೆಂಬ ಹಿತವನ್ನು ಹೇಳಬೇಕಾಯಿತು.

ಮುಂದೆ ಕೂಡಿದ ಮಹಾಸಭೆಯಲ್ಲಿ ರಾವಣನು ತನ್ನ ಮನಸ್ಸನ್ನು ಮೊದಲೇ ಬಿಚ್ಚಿಟ್ಟನು. ಸೀತೆಯನ್ನು ಕೊಡಬಾರದು, ದಶರಥನ ಮಕ್ಕಳು ಸಾಯಬೇಕು. ಇವೆರಡೂ ನೆರವೇರುವಂತಹ ಉಪಾಯವನ್ನು ಯೋಚಿಸಿರಿ ಎಂದನು. ತೀರ್ಮಾನವನ್ನು ಮುಂಚಿತವಾಗಿ ಕೊಟ್ಟು ಅಭಿಪ್ರಾಯವನ್ನು ಕೇಳಿದಂತಾಯಿತು. ಕಾರ್ಯವನ್ನು ಮಾಡುವ ಮೊದಲೇ ವಿಚಾರಿಸಬೇಕಾಗಿತ್ತೆಂದು ಕುಂಭಕರ್ಣನು ಅಣ್ಣನನ್ನು ಆಕ್ಷೇಪಿಸಿದನು. ಆದರೂ ಕೊನೆಗೆ ಅವನ ಪಕ್ಷಕ್ಕೇ ನಿಂತನು. ವಿಭೀಷಣನು ಮತ್ತೆ ಬಾಯಿತೆರೆದಾಗ ಇಂದ್ರಜಿತ್ತು ಅವನನ್ನು ಹೇಡಿಯೆಂದು ಹಳಿದನು, ರಾವಣನು ಕಠೋರವಾಗಿ ನಿಂದಿಸಿದನು. ತನ್ನ ಮಾತಿಗೆ ಎಡೆಯಿಲ್ಲದ ಸಭೆಯಿಂದ ವಿಭೀಷಣನು ಗದೆಯನ್ನು ಹಿಡಿದು ನಾಲ್ವರು ಅನುಚರರೊಡನೆ ಎದ್ದುಹೋದನು. ಲಂಕೆಯ ಸಭೆ ಕಳೆದುಕೊಂಡುದು ಒಬ್ಬ ಸದಸ್ಯನನ್ನಲ್ಲ, ತನ್ನನ್ನು ಉಳಿಸಬಹುದಾಗಿದ್ದ ಒಂದೇ ಮಾತನ್ನು.

ಸಮುದ್ರತೀರದ ಸಭೆ

ಈ ಕಡೆ ವಿಭೀಷಣನು ಆಕಾಶದಲ್ಲಿ ನಿಂತು ಶರಣು ಬೇಡುತ್ತಿದ್ದಾನೆ. ಸುಗ್ರೀವನು ರಾಮನ ಬಳಿಗೆ ಧಾವಿಸಿ, ಇವನು ಶತ್ರುವಿನ ತಮ್ಮ, ಗೂಢಚಾರನಾಗಿರಬೇಕು, ಕೊಲ್ಲುವುದೇ ಲೇಸು ಎಂದು ವಾದಿಸುತ್ತಾನೆ. ಸುಗ್ರೀವನು ಸಾಮಾನ್ಯನಲ್ಲ; ವಾನರರ ರಾಜ, ಸೇನೆಯೆಲ್ಲ ಅವನದು. ಅಂತಹವನು ಮೊದಲು ಮಾತನಾಡಿದ ಮೇಲೆ ಉಳಿದವರು ಸುಮ್ಮನಾಗುವುದು ಸಹಜ. ರಾಮನು ಇಲ್ಲಿ ಮಾಡಿದ್ದು ಎರಡು ಕೆಲಸ. ಮೊದಲನೆಯದಾಗಿ, ತನ್ನ ಅಭಿಪ್ರಾಯವನ್ನು ಆಗಲೇ ಹೇಳಲಿಲ್ಲ. ಎರಡನೆಯದಾಗಿ, ಸುಗ್ರೀವನ ಮಾತನ್ನು ಗೌರವದಿಂದ ಉಲ್ಲೇಖಿಸಿ, ಹನುಮಂತನೇ ಮೊದಲಾದ ಇತರರ ಕಡೆಗೆ ತಿರುಗಿ ಅವರ ಮನಸ್ಸಿನಲ್ಲಿರುವುದನ್ನು ಕೇಳಿದನು. ತಿಳಿದವನಾದರೂ ತಮ್ಮನ್ನು ಮನ್ನಿಸಲೆಂದು ಕೇಳುತ್ತಿದ್ದಾನೆಂದು ಅವರು ವಿನಯದಿಂದ ನುಡಿದು, ಒಬ್ಬೊಬ್ಬರಾಗಿ ಹೇಳುವುದೆಂದು ಒಪ್ಪಿಕೊಂಡರು.

ಅನಂತರ ಸರದಿ ನಡೆಯಿತು. ಗುಣದೋಷಗಳನ್ನು ಪರೀಕ್ಷಿಸಿ ತೀರ್ಮಾನಿಸಬೇಕೆಂದು ಅಂಗದನು ಹೇಳಿದನು. ಚಾರನನ್ನು ಕಳಿಸಿ ತಿಳಿಯಬೇಕೆಂದು ಶರಭನು ಸೂಚಿಸಿದನು. ಬಂದ ದೇಶವೂ ಕಾಲವೂ ಉಚಿತವಾಗಿಲ್ಲ, ಶಂಕಿಸಬೇಕು ಎಂದು ವೃದ್ಧ ಜಾಂಬವಂತನು ಎಚ್ಚರಿಸಿದನು. ಮೆಲುಮಾತಿನಿಂದ ಪ್ರಶ್ನಿಸಿ ಅವನ ಭಾವವನ್ನು ಅರಿಯಬೇಕೆಂಬುದು ಮೈಂದನ ಮತ. ಪ್ರತಿಯೊಬ್ಬನ ಮಾತೂ ಚಿಕ್ಕದು. ಯಾರೂ ಮತ್ತೊಬ್ಬನ ನಡುವೆ ಬಾಯಿಹಾಕಲಿಲ್ಲ.

ಎಲ್ಲರಾದ ಮೇಲೆ ಹನುಮಂತನು ಮಾತನಾಡಿದನು. ವಿಭೀಷಣನ ಒಳ್ಳೆಯತನವನ್ನು ಲಂಕೆಯಲ್ಲಿಯೇ ಕಂಡು ಬಂದಿದ್ದವನು ಆ ಸಭೆಯಲ್ಲಿ ಅವನೊಬ್ಬನೇ. ರಾವಣನು ದೂತನಾದ ತನ್ನನ್ನು ಕೊಲ್ಲಲು ಆಜ್ಞಾಪಿಸಿದಾಗ ಅದನ್ನು ತಡೆದವನು ವಿಭೀಷಣ. ಇಷ್ಟು ತಿಳಿದಿದ್ದರೂ ಅವನು ತನ್ನ ಸರದಿಗಾಗಿ ಕಾದನು. ವಾದಕ್ಕಾಗಿಯಾಗಲಿ ಸ್ಪರ್ಧೆಯಿಂದಾಗಲಿ ಹಿರಿಮೆಗಾಗಲಿ ಆಡುತ್ತಿಲ್ಲ, ಕಾರ್ಯದ ಗೌರವಕ್ಕಾಗಿ ಆಡುತ್ತಿದ್ದೇನೆಂದು ಮೊದಲೇ ತಿಳಿಸಿದನು. ಬಳಿಕ ಹಿಂದಿನವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು, ಪರೀಕ್ಷೆಗೆ ಕಾರ್ಯದಲ್ಲಿ ನಿಯೋಜಿಸದೆ ದಾರಿಯಿಲ್ಲ, ಎದುರಿಗೇ ಬಂದವನ ಮೇಲೆ ಚಾರನಿಂದ ಪ್ರಯೋಜನವಿಲ್ಲ, ರಾವಣನ ದೋಷವನ್ನೂ ರಾಮನ ಪರಾಕ್ರಮವನ್ನೂ ಕಂಡು ಬಂದವನಿಗೆ ಇದೇ ತಕ್ಕ ದೇಶಕಾಲ, ಥಟ್ಟನೆ ಪ್ರಶ್ನಿಸಿದರೆ ಬುದ್ಧಿವಂತನು ಶಂಕೆಗೊಳ್ಳುವನು ಎಂದು ಉತ್ತರ ಕೊಟ್ಟನು. ಅವನ ಭಾಷಣ ಇತರರದಕ್ಕಿಂತ ದೀರ್ಘವಾದುದು ನಿಜ. ಆದರೆ ಅದು ಎಲ್ಲರಿಗೂ ಒಮ್ಮೆ ಅವಕಾಶವಾದ ಮೇಲೆ ಬಂದಿತು. ಎಲ್ಲರ ಮಾತನ್ನೂ ಒಳಗೊಂಡು ಬಂದಿತು. ಸಮಪಾಲೆಂದರೆ ಗಡಿಯಾರ ಹಿಡಿದು ಎಲ್ಲರಿಗೂ ಒಂದೇ ಅಳತೆಯನ್ನು ಅಳೆದುಕೊಡುವುದಲ್ಲವೆಂಬ ಸೂಕ್ಷ್ಮ ಇಲ್ಲಿದೆ. ಹಸಿವು ಹೆಚ್ಚಿದವನಿಗೆ ಹೆಚ್ಚು ಬಡಿಸಬಹುದು. ಆದರೆ ಕಡೆಯ ಎಲೆಗೂ ಬಡಿಸಿ ಆದ ಮೇಲೆ.

ಕೊನೆಯಲ್ಲಿ ರಾಮನು ತನ್ನ ಮನಸ್ಸನ್ನು ಹೇಳಿದನು. ಸುಗ್ರೀವನು ಪುನಃ ಆಕ್ಷೇಪಿಸಿದನು: ಕಷ್ಟಕಾಲದಲ್ಲಿ ಸ್ವಂತ ಅಣ್ಣನನ್ನೇ ಬಿಟ್ಟುಬಂದವನು ಯಾರನ್ನು ತಾನೆ ಬಿಡನು? ರಾಮನು ಅವನನ್ನು ಗದರಿಸಲಿಲ್ಲ. ಶರಣುಬಂದ ಬೇಡನಿಗೆ ತನ್ನ ಮಾಂಸವನ್ನೇ ಉಣಿಸಿದ ಪಾರಿವಾಳದ ಕಥೆಯನ್ನು ಹೇಳಿ, ಶರಣಾಗತನಿಗೆ ಅಭಯವೀಯುವುದು ತನ್ನ ವ್ರತವೆಂದು ಸಾರಿ, ವಿಭೀಷಣನನ್ನು ಕರೆತರಲು ಆ ಸುಗ್ರೀವನಿಗೇ ಹೇಳಿದನು. ವಿರೋಧಿಸಿದವನೇ ಒಪ್ಪಿ, ಅವನು ತಮ್ಮೊಡನೆ ಸಮಾನನಾಗಿರಲೆಂದನು. ಶ್ರೀವೈಷ್ಣವ ಪರಂಪರೆಯಲ್ಲಿ ಶರಣಾಗತಿ ತತ್ತ್ವಕ್ಕೆ ಆಧಾರವಾಗಿ ಪೂಜ್ಯವಾದ ಈ ಪ್ರಸಂಗವನ್ನು ವೇದಾಂತದೇಶಿಕರು 'ಅಭಯಪ್ರದಾನಸಾರ'ದಲ್ಲಿ ವಿವರಿಸಿದ್ದಾರೆ. ಆ ಅಭಯವು ಒಂದು ಸಭೆಯ ಮೂಲಕ ಬಂದಿತೆಂಬುದನ್ನೂ ಭಕ್ತರು ನೆನೆಯಬೇಕು. ಒಂದು ಸಭೆಯಲ್ಲಿ ಬಾಯಿಮುಚ್ಚಿಸಲ್ಪಟ್ಟವನ ಜೀವ, ಇನ್ನೊಂದು ಸಭೆಯಲ್ಲಿ ಎಲ್ಲರ ಬಾಯಿಯನ್ನೂ ಬಿಡಿಸಿದ್ದರಿಂದ ಉಳಿಯಿತು.

ಗಾರ್ಗಿಯ ಸರದಿ

ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ವಿದೇಹದ ಜನಕನ ಸಭೆ ವರ್ಣಿತವಾಗಿದೆ. ಬ್ರಹ್ಮಿಷ್ಠನಾದವನಿಗೆಂದು ಸಾವಿರ ಗೋವುಗಳು ಕಾದಿವೆ. ಪ್ರತಿಯೊಂದರ ಕೊಂಬುಗಳಿಗೂ ಹತ್ತು ಪಾದ ಚಿನ್ನ ಕಟ್ಟಿದೆ. ಯಾಜ್ಞವಲ್ಕ್ಯನು ಅವುಗಳನ್ನು ಹೊಡೆದುಕೊಂಡು ಹೋಗಲು ಶಿಷ್ಯನಿಗೆ ಹೇಳಿದಾಗ ಅಶ್ವಲ, ಆರ್ತಭಾಗ, ಭುಜ್ಯು, ಉಷಸ್ತ, ಕಹೋಲರು ಕ್ರಮವಾಗಿ ಪ್ರಶ್ನಿಸುತ್ತಾರೆ. ಒಬ್ಬನು ಸುಮ್ಮನಾದ ಮೇಲೆಯೇ ಮತ್ತೊಬ್ಬನು ತೊಡಗುತ್ತಾನೆ.

ಆರನೆಯವಳಾಗಿ ಬಂದ ಗಾರ್ಗಿಯ ಪ್ರಶ್ನೆಗಳು ಮೇಲೆಮೇಲೆ ಏರಿದಾಗ, ಅತಿಯಾಗಿ ಪ್ರಶ್ನಿಸಬೇಡವೆಂದು ಯಾಜ್ಞವಲ್ಕ್ಯನು ತಡೆದನು, ಅವಳು ಸುಮ್ಮನಾದಳು. ಉದ್ದಾಲಕನ ಪ್ರಶ್ನೆ ಮುಗಿದ ಬಳಿಕ ಅವಳು ಮತ್ತೆ ಎದ್ದಳು. ಎರಡನೆಯ ಬಾರಿ ಮಾತನಾಡುವ ಮುನ್ನ ಅವಳು ಸಭೆಯ ಅನುಮತಿಯನ್ನು ಬೇಡಿದಳು, ತನ್ನವು ಎರಡೇ ಪ್ರಶ್ನೆಗಳೆಂದು ಮಿತಿಯನ್ನು ತಾನೇ ಹಾಕಿಕೊಂಡಳು. ಸಭೆ ಒಪ್ಪಿತು. ಆ ಎರಡು ಪ್ರಶ್ನೆಗಳಿಂದಲೇ ಅಕ್ಷರಬ್ರಹ್ಮದ ಮಹೋಪದೇಶ ಹೊರಟಿತು. ಮೊದಲ ಸಲ ತಡೆದರೆಂದು ಅವಳು ಸಿಟ್ಟಾಗಿ ಹೋಗಿದ್ದರೆ, ಅಥವಾ ಒಮ್ಮೆ ಕೇಳಿದವಳಿಗೆ ಮತ್ತೆ ಅವಕಾಶವಿಲ್ಲವೆಂದು ಸಭೆ ನಿರಾಕರಿಸಿದ್ದರೆ, ಆ ಉಪದೇಶ ಸಭೆಗೆ ದೊರೆಯುತ್ತಿರಲಿಲ್ಲ. ಮಿತಿಯನ್ನರಿಯದೆ ಕೆಣಕುತ್ತ ಹೋದ ಶಾಕಲ್ಯನ ಗತಿಯನ್ನು ಅದೇ ಅಧ್ಯಾಯ ಹೇಳುತ್ತದೆ. ಅವನ ತಲೆ ಉರುಳಿತು.

ಅಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಸತ್ತವನು ಎಲ್ಲಿಗೆ ಹೋಗುತ್ತಾನೆಂದು ಆರ್ತಭಾಗನು ಕೇಳಿದಾಗ, ಇದು ಜನರ ನಡುವೆ ಆಡುವ ಮಾತಲ್ಲವೆಂದು ಯಾಜ್ಞವಲ್ಕ್ಯನು ಅವನ ಕೈಹಿಡಿದು ಹೊರಗೆ ಕರೆದೊಯ್ದನು. ಇಬ್ಬರಿಗೆ ಮಾತ್ರ ಬೇಕಾದುದನ್ನು ಇಬ್ಬರೇ ಮಾತನಾಡಿದರೆ ಸಭೆಯ ಹೊತ್ತೂ ಉಳಿಯುತ್ತದೆ, ವಿಷಯದ ಗಾಂಭೀರ್ಯವೂ ಉಳಿಯುತ್ತದೆ.

ಕಲ್ಯಾಣದ ಅನುಭವಗೋಷ್ಠಿ

ಕನ್ನಡಿಗರಿಗೆ ಈ ವಿಷಯದಲ್ಲಿ ತಮ್ಮದೇ ಆದ ಆಸ್ತಿಯೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಶರಣರು ಕೂಡಿ ನಡೆಸಿದ ಅನುಭವಗೋಷ್ಠಿ ಅದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ 'ಶೂನ್ಯಸಂಪಾದನೆ' ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಆ ಗೋಷ್ಠಿಯನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ಅಲ್ಲಿ ಅಲ್ಲಮಪ್ರಭು ಶೂನ್ಯಸಿಂಹಾಸನದ ಅಧ್ಯಕ್ಷ. ಮಂತ್ರಿಯಾದ ಬಸವಣ್ಣ, ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುವ ಮಾರಯ್ಯ ಮತ್ತು ಲಕ್ಕಮ್ಮ ಇವರೆಲ್ಲ ಶರಣಪರಂಪರೆಯಲ್ಲಿ ಒಂದೇ ಸಾಲಿನವರು.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮನ ಪ್ರಶ್ನೆಗಳು ಕಠಿನವಾಗಿಯೇ ಇದ್ದವು. ಆದರೆ ಪ್ರತಿ ಪ್ರಶ್ನೆಗೂ ಅವಳ ಉತ್ತರವನ್ನು ಪೂರ್ತಿಯಾಗಿ ಕೇಳಲಾಯಿತು. ಸಭೆ ಅವಳ ಹಿರಿಮೆಯನ್ನು ಮನಗಂಡು ತಲೆಬಾಗಿತು. ಮಾರಯ್ಯನು ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತುಹೋಗಿದೆಯೆಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹಿಂದಕ್ಕೆ ಸುರಿದು ಬರಲು ಹೇಳಿದವಳೂ ಅವಳೇ. ತನ್ನ ಪಾಲಿಗಿಂತ ಹೆಚ್ಚಾದುದನ್ನು ಹಿಂದಿರುಗಿಸುವ ಆ ನಿಷ್ಠೆ ಮಾತಿಗೂ ಅನ್ವಯಿಸತಕ್ಕದ್ದು.

ವಚನಗಳಲ್ಲಿ ಅಂಕಿತವೆಂಬ ವ್ಯವಸ್ಥೆಯಿದೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದರೆ ಲಕ್ಕಮ್ಮ. ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಅಕ್ಕಿ ಆಯುವವಳ ಮಾತು ಮಂತ್ರಿಯ ಮಾತಿನಲ್ಲಿ ಕರಗಿಹೋಗದೆ, ಎಂಟು ಶತಮಾನಗಳ ಅನಂತರವೂ ಅವಳದೆಂದೇ ಗುರುತಿಸಲ್ಪಡುತ್ತಿದೆ. ಮಾತಿಗೆ ಅವಕಾಶ ಕೊಟ್ಟರಷ್ಟೆ ಸಾಲದು. ಅದು ಯಾರದೆಂಬುದನ್ನೂ ನೆನಪಿಡಬೇಕು.

ಮೌನದ ಅರ್ಥ

ಮಾತು ಬೆಳ್ಳಿ, ಮೌನ ಬಂಗಾರವೆಂಬ ಗಾದೆಯನ್ನು ಮುಂದಿಟ್ಟು, ಸುಮ್ಮನಿರುವವರು ಸುಮ್ಮನಿರಲಿ ಎಂದು ವಾದಿಸುವವರುಂಟು. ತಾನಾಗಿ ಆರಿಸಿಕೊಂಡ ಮೌನ ಬಂಗಾರವೇ ಸರಿ. ಎಡೆ ದೊರೆಯದೆ ಬಂದ ಮೌನಕ್ಕೆ ಆ ಬೆಲೆಯಿಲ್ಲ. ಬೌದ್ಧ ಸಂಘದ ವಿನಯ ನಿಯಮಗಳು ಇದನ್ನು ಚೆನ್ನಾಗಿ ಅರಿತಿದ್ದವು. ಭಿಕ್ಷುದೀಕ್ಷೆಯಂತಹ ಮಹತ್ವದ ಕಾರ್ಯಗಳಲ್ಲಿ ವಿಷಯವನ್ನು ಒಮ್ಮೆ ಸಂಘಕ್ಕೆ ಅರಿಕೆಮಾಡಿ, ಬಳಿಕ ಮೂರು ಸಲ ಸಾರಿ, ಒಪ್ಪದವರು ಮಾತನಾಡಬೇಕೆಂದು ಕೇಳುತ್ತಿದ್ದರು. ಮೂರು ಸಲವೂ ಯಾರೂ ನುಡಿಯದಿದ್ದರೆ ಮಾತ್ರ ಮೌನವನ್ನು ಸಮ್ಮತಿಯೆಂದು ಎಣಿಸುತ್ತಿದ್ದರು.

ವೈದ್ಯಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನವೂ ವಿದ್ವಾಂಸರ ಸಂಭಾಷಣೆಯನ್ನು ಎರಡಾಗಿ ವಿಭಾಗಿಸುತ್ತದೆ: ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಗೆಲ್ಲುವ ಹಟದಿಂದ ನಡೆಯುವ ವಿಗೃಹ್ಯ ಸಂಭಾಷೆ. ಮೊದಲನೆಯದರಲ್ಲಿ ಅಂಜದೆ ಕೇಳಬೇಕು, ಕೇಳಿದವನಿಗೆ ಅಂಜದೆ ಹೇಳಬೇಕು, ಎದುರಿನವನು ಸೋತನೆಂದು ಹಿಗ್ಗಬಾರದು. ಸತ್ಸಂಗವು ಮೊದಲನೆಯ ಬಗೆಗೆ ಸೇರಿದುದೆಂಬುದರಲ್ಲಿ ಸಂಶಯವಿಲ್ಲ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ತನ್ನ ಭಕ್ತರ ಲಕ್ಷಣವನ್ನು ಹೇಳುವಾಗ, ಅವರು ಪರಸ್ಪರ ತಿಳಿಯಹೇಳಿಕೊಳ್ಳುತ್ತ ಸಂತೋಷಪಡುತ್ತಾರೆಂದು ವರ್ಣಿಸಿದ್ದಾನೆ. ಒಬ್ಬನೇ ಹೇಳಿ ಉಳಿದವರು ಕೇಳಿದರೆ ಅದು ಉಪನ್ಯಾಸವಾದೀತು, ಪರಸ್ಪರ ಬೋಧನೆಯಾಗಲಾರದು. ಉಪನ್ಯಾಸಕ್ಕೆ ಅದರದೇ ಸ್ಥಾನವಿದೆ. ಅದನ್ನು ವಿಚಾರಗೋಷ್ಠಿಯೆಂದು ಕರೆಯಬಾರದು ಅಷ್ಟೆ.

ಸತ್ಸಂಗಕ್ಕೆ ಅನ್ವಯ

ಹೊರನಾಡಿನ ಕನ್ನಡ ಕೂಟಗಳಲ್ಲಿ ಈ ಧರ್ಮದ ಅಗತ್ಯ ಇನ್ನೂ ಹೆಚ್ಚು. ಧಾರವಾಡದವರು, ಮಂಗಳೂರಿನವರು, ಮೈಸೂರಿನವರು ಒಂದೇ ಚಾಪೆಯ ಮೇಲೆ ಕೂರುತ್ತಾರೆ; ಒಬ್ಬರ ಮಾತಿನ ಧಾಟಿ ಇನ್ನೊಬ್ಬರಿಗೆ ಹೊಸದು. ಪ್ರಸಾದದ ಸಿದ್ಧತೆಗೆಂದು ಅಡಿಗೆಮನೆಯಲ್ಲಿರುವ ಗೃಹಿಣಿಯರು ಹೊರಗೆ ಬರುವ ಹೊತ್ತಿಗೆ ಮಂಗಳಾರತಿಯೇ ಆರಂಭವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪರಭಾಷೆಯ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡ ತಡವರಿಸುತ್ತದೆ. ಒಂದು ವಾಕ್ಯವನ್ನು ಕೂಡಿಸಲು ಅವರಿಗೆ ಅರೆಗಳಿಗೆ ಹಿಡಿಯುತ್ತದೆ. ಆ ಅರೆಗಳಿಗೆಯಲ್ಲಿ ಹಿರಿಯರೊಬ್ಬರು ವಾಕ್ಯವನ್ನು ತಾವೇ ಮುಗಿಸಿಬಿಟ್ಟರೆ ಆ ಮಗು ಮುಂದಿನ ವಾರ ಬಾಯಿತೆರೆಯುವುದಿಲ್ಲ. ಅದರ ಮುಂದಿನ ವರ್ಷ ಕೂಟಕ್ಕೆ ಬರುವುದೂ ಇಲ್ಲ. ಮೊದಲು ಭಾಷೆ, ಅದರ ಹಿಂದೆಯೇ ಭಾಷೆಯಲ್ಲಿ ಬಂದ ಭಕ್ತಿ ಮನೆಯಿಂದ ಜಾರುತ್ತವೆ.

ಮೇಲಿನ ಪ್ರಸಂಗಗಳಿಂದ ಪಾಲಿಸಲು ಸುಲಭವಾದ ಕೆಲವು ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು:

1. ಅಧ್ಯಕ್ಷತೆ ವಹಿಸಿದವರು ರಾಮನಂತೆ ಕೊನೆಯಲ್ಲಿ ಅಭಿಪ್ರಾಯ ಹೇಳಬೇಕು. ಮೊದಲು ಹೇಳಿದರೆ ಉಳಿದವರು ಅದನ್ನೇ ಬಲಪಡಿಸುತ್ತಾರೆ, ಇಲ್ಲವೆ ಮೌನ ವಹಿಸುತ್ತಾರೆ.

2. ಕುಳಿತ ಸಾಲಿನಲ್ಲಿ ಒಬ್ಬೊಬ್ಬರಾಗಿ ಮಾತನಾಡಬೇಕು. ಸರದಿ ಪ್ರತಿಸಲವೂ ಒಂದೇ ಕಡೆಯಿಂದ ಆರಂಭವಾಗದೆ, ಒಂದು ವಾರ ಕಿರಿಯರಿಂದ, ಒಂದು ವಾರ ಹಿರಿಯರಿಂದ ಹೊರಡಲಿ.

3. ಎಲ್ಲರಿಗೂ ಒಮ್ಮೆ ಅವಕಾಶವಾಗುವ ತನಕ ಯಾರೂ ಎರಡನೆಯ ಸಲ ಮಾತನಾಡಬಾರದು. ಅನಂತರ ಮಾತನಾಡುವವರು ಗಾರ್ಗಿಯಂತೆ ಸಭೆಯ ಅನುಮತಿಯನ್ನು ಬೇಡಿ, ತಮ್ಮ ಮಿತಿಯನ್ನು ತಾವೇ ತಿಳಿಸಬೇಕು.

4. ಹೇಳಲು ಏನೂ ಇಲ್ಲವೆಂದವರನ್ನು ಒತ್ತಾಯಿಸಬಾರದು. ಆದರೆ ಸುತ್ತು ಮುಗಿದ ಮೇಲೆ ಅವರನ್ನು ಮತ್ತೊಮ್ಮೆ ಕೇಳಬೇಕು. ಹಲವರು ಎರಡನೆಯ ಕರೆಗೆ ಬಾಯಿಬಿಡುತ್ತಾರೆ.

5. ತಡವರಿಸುವವರ ವಾಕ್ಯವನ್ನು ಇತರರು ಮುಗಿಸಬಾರದು. ಕಾಯುವುದೂ ಒಂದು ಸೇವೆ.

6. ಇನ್ನೊಬ್ಬರ ಮತವನ್ನು ಖಂಡಿಸುವ ಮೊದಲು ಹನುಮಂತನಂತೆ ಅದನ್ನು ಸರಿಯಾಗಿ ಅನುವಾದಿಸಬೇಕು, ಹೇಳಿದವರ ಹೆಸರನ್ನೂ ಎತ್ತಬೇಕು.

7. ಇಬ್ಬರಿಗೆ ಮಾತ್ರ ಸಂಬಂಧಿಸಿದ ದೀರ್ಘ ಚರ್ಚೆಯನ್ನು ಸಭೆ ಮುಗಿದ ಬಳಿಕ ಮುಂದುವರಿಸಬೇಕು.

8. ಅಡಿಗೆಮನೆಯ ಕೆಲಸವನ್ನು ಎಲ್ಲರೂ ಹಂಚಿಕೊಂಡು, ವಿಚಾರದ ಹೊತ್ತಿಗೆ ಅಲ್ಲಿ ಯಾರೂ ಉಳಿಯದಂತೆ ನೋಡಿಕೊಳ್ಳಬೇಕು.

ಇವುಗಳಿಂದ ಪಾಂಡಿತ್ಯಕ್ಕೆ ಕುಂದುಂಟಾಗುವುದಿಲ್ಲವೆ ಎಂಬ ಶಂಕೆ ಏಳಬಹುದು. ಬಲ್ಲವರು ಹೇಳದೆ ಅರಿಯದವರು ಹೇಳಿದರೆ ಲಾಭವೇನೆಂದು ಕೇಳಬಹುದು. ಶಂಕೆ ಅನಾದರಣೀಯವಲ್ಲ. ಆದರೆ ಪಂಡಿತನಿಗೆ ಮಾತಿನ ಅವಕಾಶ ಬೇರೆ ದಿನಗಳಲ್ಲಿಯೂ ಬೇರೆಡೆಗಳಲ್ಲಿಯೂ ದೊರೆಯುತ್ತದೆ; ಸಾಧಾರಣನಿಗೆ ಈ ಕೂಟ ಬಿಟ್ಟರೆ ಇನ್ನೊಂದಿಲ್ಲ. ಅಲ್ಲದೆ, ಎಲ್ಲರ ಸಂದೇಹಗಳನ್ನು ಕೇಳಿದ ಮೇಲೆ ಪಂಡಿತನು ಆಡುವ ಹತ್ತು ಮಾತು, ಕೇಳುವ ಮುಂಚೆ ಆಡುವ ನೂರು ಮಾತಿಗಿಂತ ಹೆಚ್ಚಾಗಿ ಮನಸ್ಸಿಗೆ ನಾಟುತ್ತದೆ. ಹನುಮಂತನ ಭಾಷಣದ ಬಲವೂ ಅದೇ ಆಗಿತ್ತು. ಹಿತಮಿತವಾದ, ಯಾರಿಗೂ ಉದ್ವೇಗವುಂಟುಮಾಡದ ಮಾತನ್ನು ಗೀತೆಯ ಹದಿನೇಳನೆಯ ಅಧ್ಯಾಯ ವಾಙ್ಮಯ ತಪಸ್ಸೆಂದು ಕರೆದಿದೆ. ಆಡಬಹುದಾದ ಮಾತನ್ನು ಮತ್ತೊಬ್ಬರಿಗಾಗಿ ತಡೆದಿರಿಸುವುದೂ ಆ ತಪಸ್ಸಿನ ಅಂಗವೇ ಆಗಿದೆ.

ಮೂಲಾ ನಕ್ಷತ್ರದಲ್ಲಿ ಆವಾಹಿಸಿದ ಸರಸ್ವತಿಯನ್ನು ವಿಸರ್ಜಿಸುವುದು ಶ್ರವಣ ನಕ್ಷತ್ರದಲ್ಲಿ. ಶ್ರವಣವೆಂದರೆ ಕೇಳುವುದು. ವಾಗ್ದೇವಿಯ ಪೂಜೆ ಕೇಳುವಿಕೆಯ ಹೆಸರಿನ ನಕ್ಷತ್ರದಲ್ಲಿ ಪೂರ್ಣವಾಗುವುದು ಭಕ್ತರಿಗೆ ಒಂದು ಸೂಚನೆಯಂತಿದೆ. ವಿಜಯದಶಮಿಯ ಬಳಿಕ ಕೂಡುವ ಮೊದಲ ಸತ್ಸಂಗದಲ್ಲಿ, ಇದುವರೆಗೆ ಒಮ್ಮೆಯೂ ದನಿಯೆತ್ತದ ಒಬ್ಬರನ್ನು ಹೆಸರು ಹಿಡಿದು ಕರೆದು, ಅವರ ಮಾತು ಮುಗಿಯುವ ತನಕ ಉಳಿದವರು ಕಾದರೆ, ಈ ವರ್ಷದ ಸರಸ್ವತೀಪೂಜೆ ಸಾಂಗವಾಯಿತೆಂದು ತಿಳಿಯಬಹುದು.